ಬಾಯಿಯ ಮೂಲಕ ಗಂಟಲ ಕ್ಯಾನ್ಸರ್ ಶಸ್ತ್ರಚಿಕಿತ್ಸೆ: ಸಿದ್ಧತೆ ಹೇಗೆ?

ಧ್ವನಿ ಒಡೆದು ಮೂರು ವಾರ ಕಳೆದರೂ ಸರಿಹೋಗದಿದ್ದರೆ, ಅಥವಾ ನುಂಗುವಾಗ ಒಂದೇ ಕಡೆ ಚುಚ್ಚುತ್ತಿದ್ದರೆ, ಕಷಾಯ ಕುಡಿಯುತ್ತ ಕಾಲ ತಳ್ಳದೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲೋ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಬೇಕು. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಆರಂಭದಲ್ಲೇ ಸಿಕ್ಕರೆ, ಕುತ್ತಿಗೆ ಕೊಯ್ಯದೆ ಬಾಯಿಯ ಮೂಲಕವೇ ಲೇಸರ್‌ನಿಂದ ಗಡ್ಡೆ ತೆಗೆಯುವುದು ಅನೇಕರಿಗೆ ಸಾಧ್ಯವಾಗುತ್ತದೆ.

ಆದರೆ ಗಡ್ಡೆ ಎಷ್ಟು ಚಿಕ್ಕದಿದ್ದರೂ ಬಾಯಿ ಸಾಕಷ್ಟು ತೆರೆಯದಿದ್ದರೆ ಆ ದಾರಿ ಮುಚ್ಚಿದಂತೆಯೇ. ಅಡಿಕೆ ಬೆಳೆದು ಅಡಿಕೆ ಜಗಿಯುವ ಕಡೂರು, ತರೀಕೆರೆಯವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಹೊಗೆಸೊಪ್ಪು ಸೇರಿಸದಿದ್ದರೂ, ವರ್ಷಗಟ್ಟಲೆ ಅಡಿಕೆ ಜಗಿದವರ ಕೆನ್ನೆಯ ಒಳಪದರ ಬಿಳಿಚಿಕೊಂಡು, ನಾರುಗಟ್ಟಿ ಬಿಗಿಯಾಗಬಹುದು. ಕನ್ನಡಿಯ ಮುಂದೆ ನಿಂತು, ನಿಮ್ಮ ತೋರುಬೆರಳು, ನಡುಬೆರಳು, ಉಂಗುರಬೆರಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ ಮುಂದಿನ ಮೇಲ್ಹಲ್ಲು ಕೆಳಹಲ್ಲುಗಳ ನಡುವೆ ಇಟ್ಟು ನೋಡಿ. ಮೂರೂ ಹಿಡಿಸದಿದ್ದರೆ ಅದನ್ನು ಮೊದಲ ಭೇಟಿಯಲ್ಲೇ ಹೇಳಿ. ಅಲುಗಾಡುವ ಹಲ್ಲಿದ್ದರೆ ಅದನ್ನೂ ಮುಚ್ಚಿಡಬೇಡಿ, ಏಕೆಂದರೆ ಶಸ್ತ್ರಚಿಕಿತ್ಸೆಗೆಂದು ಗಂಟಲಿಗೆ ಇಳಿಸುವ ಲೋಹದ ನಳಿಕೆ ಹಾಯುವುದು ಆ ಹಲ್ಲುಗಳ ಮೇಲೆಯೇ.

ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಗೆ ಹೋಗುವಾಗ ಬಯಾಪ್ಸಿಯ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆಯ) ವರದಿಯೊಂದೇ ಸಾಲದು. ಗಾಜಿನ ಸ್ಲೈಡುಗಳನ್ನೂ, ಮೇಣದಲ್ಲಿ ಹುದುಗಿಸಿದ ಅಂಗಾಂಶದ ಪುಟ್ಟ ಬ್ಲಾಕನ್ನೂ ಪ್ರಯೋಗಾಲಯದಿಂದ ಕೇಳಿ ಪಡೆದುಕೊಳ್ಳಿ. ಬ್ಲಾಕ್ ಬಿಸಿಲಿಗೆ ಕರಗಬಹುದು, ಬಸ್ಸಿನ ಕಿಟಕಿಯ ಪಕ್ಕ ಇಡಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿರುವುದರಿಂದ ರೇಷನ್ ಕಾರ್ಡ್, ಆಧಾರ್ ಜೊತೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವೂ ಇರಲಿ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ತಿಳಿಸಬೇಕೇ ಹೊರತು ತಾವಾಗಿಯೇ ನಿಲ್ಲಿಸಬಾರದು.

ಶಸ್ತ್ರಚಿಕಿತ್ಸೆಯ ನಂತರ ಹೊರಗೆ ಗಾಯ ಕಾಣದ ಕಾರಣ ಮನೆಯವರು ಇದನ್ನು ಹಗುರವಾಗಿ ತೆಗೆದುಕೊಳ್ಳುವುದುಂಟು. ಗಾಯವೇನೋ ಇದೆ, ಒಳಗಿದೆ. ಮಾತನಾಡಬೇಡಿ ಎಂದು ವೈದ್ಯರು ಹೇಳಿದಷ್ಟು ದಿನ ಪಿಸುಮಾತೂ ಬೇಡ. ಸ್ಲೇಟು ಬಳಪ ಹಿಡಿಯಿರಿ. ನುಂಗಲು ಒಪ್ಪಿಗೆ ಸಿಕ್ಕ ಮೇಲೂ ಬಿಸಿ ಕಾಫಿ ಬಿಟ್ಟು ಆರಿದ ಗಂಜಿಯನ್ನೋ ಅಂಬಲಿಯನ್ನೋ ಕುಡಿಯಿರಿ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕಣ ಉಳಿದಿದೆಯೇ ಎಂಬುದು ಪೆಥಾಲಜಿ ವರದಿ ಬಂದ ಮೇಲೆಯೇ ತಿಳಿಯುವುದು. ಉಳಿದಿದ್ದರೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಬೇಕಾಗಬಹುದು.

ಹೀಗೆಯೇ ಬಾಯಿಯ ಮೂಲಕ ಟಾನ್ಸಿಲ್ ಅಥವಾ ನಾಲಿಗೆಯ ಬುಡದ ಗಡ್ಡೆ ತೆಗೆದಿದ್ದರೆ ವಾರದ ನಂತರವೂ ರಕ್ತಸ್ರಾವ ಆಗಬಹುದು. ಬಾಯಲ್ಲಿ ಕೆಂಪು ರಕ್ತ ಕಂಡರೆ 108ಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಕೊಪ್ಪ, ಮೂಡಿಗೆರೆಯ ಒಳತೋಟಗಳವರು ಮೊದಲ ಎರಡು ವಾರ ಪೇಟೆಯ ನೆಂಟರ ಮನೆಯಲ್ಲಿ ಉಳಿಯುವುದು ಲೇಸು.