ಪೆಟ್ರೋಲ್ ಪ್ರೆಶರ್ ವಾಶರಿನಲ್ಲಿ ಪ್ರೆಶರ್ ಬರ್ತಿಲ್ವಾ? ಪಂಪ್ ಬಿಚ್ಚುವ ಮೊದಲು ಇಷ್ಟು ನೋಡಿ

ಮಳೆಗಾಲ ಮುಗಿಯುತ್ತಿದ್ದ ಹಾಗೆ ಮಲೆನಾಡು, ಕರಾವಳಿ ಕಡೆ ಅಂಗಳದ ಪಾಚಿ ತೆಗೆಯೋಕೆ ಪ್ರೆಶರ್ ವಾಶರ್ ಹೊರಗೆ ಬರುತ್ತದೆ. ಇಂಜಿನ್ ಸ್ಟಾರ್ಟ್ ಆಗುತ್ತದೆ, ಸದ್ದೂ ಜೋರಾಗಿದೆ, ಆದರೆ ಗನ್ ಒತ್ತಿದರೆ ನೀರು ಸುಮ್ನೆ ಸುರಿಯುತ್ತದೆ, ಪಾಚಿ ಅಲ್ಲಾಡೋದಿಲ್ಲ. ಕೂಡಲೇ ಪಂಪ್ ಹೋಯ್ತು ಅಂದುಕೊಳ್ಳಬೇಡಿ. ಒಳಗೆ ಬರುವ ನೀರು ಸಾಲದಿದ್ದರೂ, ಗನ್ ತುದಿಯ ನಾಜಲ್ ಕೈಕೊಟ್ಟರೂ ಇದೇ ಕಥೆ. ಅವೆರಡನ್ನೂ ನೋಡೋಕೆ ಸ್ಪಾನರ್ ಕೂಡ ಬೇಡ.

ಏನೇ ಬಿಚ್ಚುವ ಮೊದಲು ಇಂಜಿನ್ ಆಫ್ ಮಾಡಿ, ಪ್ಲಗ್ ಕ್ಯಾಪ್ ಎಳೆದಿಡಿ, ಗನ್ ಒಮ್ಮೆ ಒತ್ತಿ ಪೈಪಿನಲ್ಲಿ ಉಳಿದ ಪ್ರೆಶರ್ ಬಿಟ್ಟುಬಿಡಿ. ಈ ನೀರು ಚರ್ಮ ಸೀಳಿ ಒಳಗೆ ಹೋಗುತ್ತದೆ, ಬೆರಳು ಅಡ್ಡ ಇಟ್ಟು ನೋಡೋ ಕೆಲಸ ಬೇಡವೇ ಬೇಡ.

ಈಗ ನಾಜಲ್ ಬಣ್ಣ ನೋಡಿ. ಕಪ್ಪು ಇದ್ದರೆ ಅದು ಸೋಪಿನದ್ದು, ಅದರಲ್ಲಿ ಪ್ರೆಶರ್ ಬರೋದೇ ಇಲ್ಲ. ಕಳೆದ ಸಲ ಜೀಪ್ ತೊಳೆದವರು ಬದಲಾಯಿಸದೆ ಇಟ್ಟಿರುತ್ತಾರೆ, ಅಷ್ಟೇ. ಸಾಮಾನ್ಯವಾಗಿ ನೀರು ಹರಡುವ ಕೋನ ಹಳದಿಗೆ 15 ಡಿಗ್ರಿ, ಹಸಿರಿಗೆ 25, ಬಿಳಿಗೆ 40. ನೀರು ಅಗಲವಾದಷ್ಟೂ ಹೊಡೆತ ಕಮ್ಮಿ.

ಆಮೇಲೆ ಬಕೆಟ್ ಪರೀಕ್ಷೆ. ವಾಶರಿಗೆ ನೀರು ಕೊಡುವ ಪೈಪನ್ನು ಕಳಚಿ ಬಕೆಟಿಗೆ ಬಿಡಿ. ಮಷೀನಿನ ಮೇಲೆ ನಿಮಿಷಕ್ಕೆ ಎಷ್ಟು ಲೀಟರ್ ಅಂತ ಬರೆದಿರುತ್ತದೆ. 10 ಲೀಟರ್ ಅಂತಿದ್ದರೆ 20 ಲೀಟರಿನ ಬಕೆಟ್ 2 ನಿಮಿಷದೊಳಗೆ ತುಂಬಲೇಬೇಕು. ಒಂದೇ ಮಹಡಿ ಮೇಲಿನ ಟ್ಯಾಂಕ್, ಅಲ್ಲಿಂದ ಅಂಗಳದ ಆ ತುದಿಯವರೆಗೆ ಎಳೆದ ಅರ್ಧ ಇಂಚಿನ ಪೈಪು, ನಡುವೆ ಎಲ್ಲೋ ಒಂದು ಮಡಿಕೆ: ಬಕೆಟ್ ಎಲ್ಲಿಂದ ತುಂಬಬೇಕು ಹೇಳಿ? ದಪ್ಪ ಪೈಪು ಹಾಕಿ, ಉದ್ದ ಕಮ್ಮಿ ಮಾಡಿ. ಪಂಪಿನ ಬಾಯಲ್ಲಿರುವ ಪುಟ್ಟ ಜಾಲರಿಯನ್ನೂ ತೆಗೆದು ತೊಳೆಯಿರಿ, ಬೋರ್‌ವೆಲ್ ಮರಳು ಕೂರೋದು ಅಲ್ಲೇ. ರಗಳೆ ಅಂತ ಜಾಲರಿ ಕಿತ್ತೆಸೆದು ಓಡಿಸಿದರೆ ಆ ಮರಳು ನೇರ ಪಂಪಿನ ವಾಲ್ವಿಗೆ ಹೋಗುತ್ತದೆ.

ಡ್ರಮ್ಮಿನಿಂದ ನೀರು ಎಳೆಸುತ್ತಿದ್ದರೆ ಕ್ಲಿಪ್ ಸಡಿಲವಾಗಿ ಗಾಳಿ ಸೇರುತ್ತಿರಬಹುದು. ಎಲ್ಲ ಪಂಪೂ ಕೆಳಗಿನಿಂದ ನೀರು ಎಳೆಯೋದಿಲ್ಲ, ಡ್ರಮ್ ಎತ್ತರದಲ್ಲಿಡಿ. ಇಂಜಿನ್ ಆಫ್ ಇರುವಾಗಲೇ ನೀರು ಬಿಟ್ಟು, ನಾಜಲ್ ತೆಗೆದು ಗನ್ ಒತ್ತಿ ಹಿಡಿಯಿರಿ. ಬುಸ್ ಬುಸ್ ಅನ್ನೋದು ನಿಂತು ನೀರು ಒಂದೇ ಸಮ ಬಂದ ಮೇಲೆ ಸ್ಟಾರ್ಟ್ ಮಾಡಿ.

ನೀರು ಒಂದು ಪಕ್ಕಕ್ಕೆ ಹಾರುತ್ತಿದೆ, ಗನ್ ಜರ್ಕ್ ಹೊಡೆಯುತ್ತಿದೆ ಅಂದರೆ ನಾಜಲ್ ಕಟ್ಟಿದೆ. ಜೊತೆಗೆ ಬಂದ ಪಿನ್ ಹಾಕಿ ಬಿಡಿಸಿ, ಹಿಂದುಮುಂದಾಗಿ ಹಿಡಿದು ನೀರು ಬಿಡಿ. ಮೊಳೆ ತುರುಕಬೇಡಿ, ತೂತು ಒಂದು ಚೂರು ದೊಡ್ಡದಾದರೂ ಪ್ರೆಶರ್ ಇಳಿಯುತ್ತದೆ. ಧಾರೆ ನೀಟಾಗಿದ್ದೂ ಸಪ್ಪೆ ಅನಿಸಿದರೆ ನಾಜಲ್ ಸವೆದಿರಬಹುದು, ಹೊಸದು ಹಾಕಿ ನೋಡಿ.

ಇಂಜಿನ್ ಕಡೆಗೆ ಬಂದರೆ, ಚೋಕ್ ಪೂರ್ತಿ ತೆಗೆದಿದ್ದೀರಾ? ಆಕ್ಸಿಲರೇಟರ್ ಲಿವರ್ ಆಮೆಯ ಚಿತ್ರದ ಹತ್ತಿರ ಇದೆಯೋ, ಮೊಲದ ಹತ್ತಿರವೋ? ಮೊಲದ ಕಡೆಗೇ ಇರಬೇಕು. ಗನ್ ಒತ್ತಿದ ಕೂಡಲೇ ಇಂಜಿನ್ ಮಂಕಾದರೆ ಏರ್ ಫಿಲ್ಟರ್ ಬಿಚ್ಚಿ ನೋಡಿ, ಮಳೆಗಾಲವಿಡೀ ಟ್ಯಾಂಕಿನಲ್ಲೇ ಇದ್ದ ಪೆಟ್ರೋಲ್ ಚೆಲ್ಲಿ ಹೊಸದು ಹಾಕಿ.

ಇಷ್ಟೆಲ್ಲ ಆದರೂ ಬರಲಿಲ್ಲ ಅಂದರೆ ಮಾತ್ರ ಪಂಪು. ಗನ್ ಬಿಟ್ಟಾಗ ನೀರನ್ನು ಒಳಗೇ ಸುತ್ತಿಸೋದು ಅನ್‌ಲೋಡರ್ ವಾಲ್ವ್. ಅದು ಗಡಸು ನೀರಿನ ಬಿಳಿ ಪದರ ಹಿಡಿದು ಸಿಕ್ಕಿಕೊಂಡರೆ, ಗನ್ ಒತ್ತಿದರೂ ನೀರು ಒಳಗೇ ಸುತ್ತುತ್ತಿರುತ್ತದೆ. ಬಿಚ್ಚಿ ಕ್ಲೀನ್ ಮಾಡಬಹುದು, ಒಳಗಿನ ರಬ್ಬರ್ ಉಂಗುರ (ಓ-ರಿಂಗ್) ಹರಿದಿದ್ದರೆ ಬದಲಾಯಿಸಿ. ಆದರೆ ಅದರ ಸ್ಕ್ರೂ ಬಿಗಿ ಮಾಡಿ ಪ್ರೆಶರ್ ಏರಿಸೋ ಐಡಿಯಾ ಬಿಟ್ಟುಬಿಡಿ, ಪೈಪೋ ಸೀಲೋ ಒಡೆಯುತ್ತದೆ.

ಗನ್ ಒತ್ತದೆ ಇಂಜಿನ್ ಓಡಿಸುತ್ತಾ ನಿಂತರೆ ಪಂಪಿನ ಕೆಳಗೆ ಬಿಸಿನೀರು ತೊಟ್ಟಿಕ್ಕಬಹುದು. ಅದು ಪಂಪನ್ನು ಕಾಯುವ ಥರ್ಮಲ್ ವಾಲ್ವ್ ಕೆಲಸ, ಲೀಕ್ ಅಲ್ಲ. ಯಾವಾಗಲೂ ತಣ್ಣೀರು ಸೋರುತ್ತಿದ್ದರೆ ಸೀಲ್ ಹೋಗಿರಬಹುದು. ಪಂಪಿನ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರಂತೂ ಒಳಗೆ ನೀರು ಸೇರಿದೆ. ಆಗ ಮೆಕ್ಯಾನಿಕ್ ಹತ್ತಿರ ಹೋಗಿ. ಹೋಗುವಾಗ ಗನ್, ಪೈಪು, ನಾಜಲ್ ಎಲ್ಲ ಒಯ್ಯಿರಿ, ಸೀಲ್ ಕಿಟ್ಟಿಗೆ ಎಷ್ಟು, ಹೊಸ ಪಂಪಿಗೆ ಎಷ್ಟು ಅಂತ ಎರಡೂ ರೇಟ್ ಕೇಳಿಯೇ ಬಿಚ್ಚೋಕೆ ಹೇಳಿ.