ಹುಲ್ಲಿನ ಮೇಲೆ ನಿಂತ ಫೋಕಸ್

ಈ ಸೀಸನ್ ಪೂರ್ತಿ, ಬೇಟೆಯ ಲೈಸೆನ್ಸ್ ಇರುವ ಗೆಳೆಯನ ಹಿಂದೆ ಕ್ಯಾಮೆರಾ ಹಿಡಿದು ಓಡಾಡಿದೆ. ಮೊದಲ ತಿಂಗಳ ವಿಡಿಯೋ ನೋಡಿ ತುಂಬಾ ಬೇಜಾರಾಯಿತು. ಜಿಂಕೆ ಮಸುಕು, ಮುಂದಿನ ಹುಲ್ಲು ಮಾತ್ರ ಸ್ಪಷ್ಟ! ಲೆನ್ಸ್ ಕೆಟ್ಟಿದೆ ಅಂದುಕೊಂಡೆ. ಅಲ್ಲ, ಆಟೋಫೋಕಸ್ ಹತ್ತಿರದ ಕಡ್ಡಿಯನ್ನೇ ಹಿಡಿಯುತ್ತಿತ್ತು. ಬೆಳಕು ಕಡಿಮೆ ಇದ್ದಾಗ ಈ ಕಾಟ ಇನ್ನೂ ಜಾಸ್ತಿ.

ಮ್ಯಾನುಯಲ್‌ಗೆ, ಅಂದರೆ ಕೈಯಿಂದಲೇ ಫೋಕಸ್ ಮಾಡುವುದಕ್ಕೆ, ಬದಲಾಯಿಸಿದೆ. ಕೂತ ತಕ್ಷಣ, ಪ್ರಾಣಿ ಬರಬಹುದಾದ ಜಾಗದ ಒಂದು ಮರಕ್ಕೆ ಫೋಕಸ್ ಇಟ್ಟುಬಿಡುತ್ತೇನೆ. ಕ್ಯಾಮೆರಾದಲ್ಲಿ ಫೋಕಸ್ ಪೀಕಿಂಗ್ ಅನ್ನೋ ಸೌಲಭ್ಯ ಆನ್ ಮಾಡಿದರೆ, ಸ್ಪಷ್ಟವಾದ ಅಂಚುಗಳು ಪರದೆಯ ಮೇಲೆ ಬಣ್ಣದಲ್ಲಿ ಕಾಣುತ್ತವೆ. ಆಮೇಲೆ ಲೆನ್ಸಿನ ಫೋಕಸ್ ರಿಂಗ್ ಸ್ವಲ್ಪ ತಿರುಗಿಸಿದರೆ ಸಾಕು. ಅಂದ ಹಾಗೆ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಿ.

ಕೊನೆಯ ವಾರ ಮಂಜಿನೊಳಗಿಂದ ಹೆಣ್ಣು ಜಿಂಕೆ ಬಂತು. ಕಣ್ಣಿನ ಹೊಳಪೂ ಸೆರೆಯಾಯಿತು. ಹಿಂದೆ ಮರಿ ಇತ್ತು, ಗೆಳೆಯ ಬಂದೂಕು ಎತ್ತಲಿಲ್ಲ. ಇಡೀ ಸೀಸನ್‌ನಲ್ಲಿ ನನಗೆ ಅದೇ ಶಾಟ್ ಇಷ್ಟ.