ಸಿಡಿಯ ಬೆನ್ನ ಮೇಲೆ ಹೆಸರು ಬರೆದ ಕತೆ

ಪೆಟ್ಟಿಗೆಯಲ್ಲಿ 27 ಡಿಸ್ಕ್ ಇದ್ದವು. ಒಂದರ ಮೇಲೂ ಹೆಸರಿರಲಿಲ್ಲ. ಎಲ್ಲಾ ನಾನೇ ಬರ್ನ್ ಮಾಡಿದ್ದು, ಅಂದರೆ ಕಂಪ್ಯೂಟರಿನಿಂದ ಖಾಲಿ ಸಿಡಿ, ಡಿವಿಡಿಗೆ ಹಾಡು, ವಿಡಿಯೊ ತುಂಬಿಸಿದ್ದು. ಬರ್ನ್ ಮಾಡಿದ ದಿನ ಪ್ರತಿಯೊಂದರಲ್ಲೂ ಏನಿದೆ ಅಂತ ಚೆನ್ನಾಗಿ ಗೊತ್ತಿತ್ತು. ನಾಳೆ ಬರೆದರಾಯ್ತು ಅಂತ ಇಟ್ಟೆ. ಎರಡು ವರ್ಷ ಆದ ಮೇಲೆ ತಂಗಿ ಫೋನ್ ಮಾಡಿ, "ಅಣ್ಣಾ, ಪುಟ್ಟ ಮೊದಲ ಸಲ ನಡೆದ ವಿಡಿಯೊ ನಿನ್ನ ಹತ್ರ ಇದೆ ಅಲ್ವಾ?" ಅಂದಳು. ಇತ್ತು. ಎಲ್ಲಿ ಅನ್ನೋದೇ ಪ್ರಶ್ನೆ. ಒಂದೊಂದನ್ನೇ ಡ್ರೈವ್‌ಗೆ ಹಾಕಿ, ಅದು ಗರಗರ ತಿರುಗಿ ತೆರೆಯುವ ತನಕ ಕಾದು, ಇದಲ್ಲ ಅಂತ ತೆಗೆದು, ಇಡೀ ಭಾನುವಾರ ಹೋಯ್ತು. ಸಿಕ್ಕಿದ್ದು 23ನೆಯದರಲ್ಲಿ.

ಅವತ್ತೇ ಸಂಜೆ ಬಾಲ್ ಪೆನ್ ಹಿಡಿದು ಕೂತೆ. ಅದು ನನ್ನ ಮೊದಲ ತಪ್ಪು.

ಸಿಡಿಯ ಯಾವ ಬದಿ ಸೂಕ್ಷ್ಮ ಅಂತ ಕೇಳಿದರೆ ಹೆಚ್ಚಿನವರು ಹೊಳೆಯುವ ಕೆಳಬದಿ ತೋರಿಸುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಕೆಳಗೆ ಬೆರಳು ತಾಗಿಸದೆ ಹುಷಾರಾಗಿ ಹಿಡಿದು, ಮೇಲ್ಬದಿಯ ಮೇಲೆ ಒತ್ತಿ ಒತ್ತಿ ಬರೆದೆ. ನಿಜ ಏನೆಂದರೆ ಸಿಡಿಯ ದಪ್ಪ ಒಟ್ಟು 1.2 ಮಿಲಿಮೀಟರ್. ಅದರಲ್ಲಿ ಹೆಚ್ಚುಕಡಿಮೆ ಪೂರ್ತಿ ಕೆಳಗಿನ ಪ್ಲಾಸ್ಟಿಕ್ಕೇ. ಲೇಸರ್ ಆ ಪ್ಲಾಸ್ಟಿಕ್ ದಾಟಿ ಮೇಲೆ ಹೋಗಿ ಓದುತ್ತದೆ. ಮಾಹಿತಿ ಇರುವ ಬಣ್ಣದ ಪದರ, ಅದರ ಮೇಲಿನ ಕನ್ನಡಿಯಂಥ ಲೋಹದ ಪದರ, ಇವೆರಡೂ ಇರುವುದು ಲೇಬಲ್ ಬದಿಗೆ ಅಂಟಿಕೊಂಡೇ. ಅವುಗಳ ಮೇಲೆ ಕಾವಲಿಗೆ ಇರುವುದು ಕೆಲವೇ ಮೈಕ್ರಾನ್ ದಪ್ಪದ ಲ್ಯಾಕರ್ ಲೇಪ. ತಲೆಕೂದಲಿಗಿಂತ ತೆಳು. ಕೆಳಗೆ ಗೀರು ಬಿದ್ದರೆ ಉಜ್ಜಿ ಸರಿಮಾಡಲು ಎಷ್ಟೋ ಸಲ ಆಗುತ್ತದೆ. ಮೇಲೆ ಬಿದ್ದರೆ ಮಾಹಿತಿಯೇ ಹೋಯ್ತು. ನಾನು ಬಾಲ್ ಪೆನ್ನಿನಲ್ಲಿ ಬರೆದ ಎರಡು ಸಿಡಿಗಳನ್ನು ಬೆಳಕಿಗೆ ಹಿಡಿದರೆ ನನ್ನ ಅಕ್ಷರವೇ ಕಿಂಡಿ ಕಿಂಡಿಯಾಗಿ ಕಾಣುತ್ತಿತ್ತು. ಹಾಡುಗಳು ಮಧ್ಯೆ ಮಧ್ಯೆ ತೊದಲುತ್ತಿದ್ದವು.

ಡಿವಿಡಿ ಈ ವಿಷಯದಲ್ಲಿ ಗಟ್ಟಿ. ಅದರಲ್ಲಿ 0.6 ಮಿಲಿಮೀಟರ್ ದಪ್ಪದ ಎರಡು ತಟ್ಟೆ ಅಂಟಿಸಿರುತ್ತಾರೆ, ಮಾಹಿತಿ ನಡುವೆ ಸ್ಯಾಂಡ್‌ವಿಚ್ ತರಹ ಕೂತಿರುತ್ತದೆ. ಡಿವಿಡಿಯ ನಂತರ ಬಂದ ಬ್ಲೂರೇ ಡಿಸ್ಕ್‌ನಲ್ಲಿ ಪೂರ್ತಿ ಉಲ್ಟಾ: ಮಾಹಿತಿ ಓದುವ ಬದಿಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ. ಅದಕ್ಕೇ ಆ ಬದಿಗೆ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಮೂರೂ ನೋಡಲು ಒಂದೇ ಥರ, ಮೂರಕ್ಕೂ ಹೆದರಬೇಕಾದ ಜಾಗ ಬೇರೆ ಬೇರೆ.

ಪೆನ್ನಿನ ನಂತರ ಮಾರ್ಕರ್. ಇದರ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ಇದು ಕೆಲಸ ಮಾಡುತ್ತದೆ. ತುದಿ ಮೆತ್ತಗಿರಬೇಕು, ಒತ್ತಬಾರದು, ಇಂಕ್ ನೀರಿನದ್ದೋ ಆಲ್ಕೋಹಾಲಿನದ್ದೋ ಆಗಿರಬೇಕು. ಮುಚ್ಚಳ ತೆಗೆದ ಕೂಡಲೇ ಥಿನ್ನರ್ ವಾಸನೆ ಮೂಗಿಗೆ ಹೊಡೆದರೆ ಅದನ್ನು ಪೆಟ್ಟಿಗೆಗಳ ಮೇಲೆ ಬರೆಯಲು ಇಟ್ಟುಕೊಳ್ಳಿ. ಅಂಥ ದ್ರಾವಕ ಲ್ಯಾಕರನ್ನು ನಿಧಾನವಾಗಿ ತಿನ್ನಬಹುದು. ಎಲ್ಲಕ್ಕಿಂತ ಕ್ಷೇಮವಾದ ಜಾಗ ನಡುವಿನ ತೂತಿನ ಸುತ್ತ ಇರುವ ಪಾರದರ್ಶಕ ಉಂಗುರ. ಅಲ್ಲಿ ಮಾಹಿತಿಯೇ ಇಲ್ಲ. ಜಾಗ ಚಿಕ್ಕದು ನಿಜ, ಒಂದು ಸಂಖ್ಯೆಗೆ ಸಾಕು. ಎರಡೂ ಬದಿಯಲ್ಲಿ ಮಾಹಿತಿ ಇರುವ ಡಿವಿಡಿಗೆ ಇದೊಂದೇ ಗತಿ.

ಮಾರ್ಕರ್‌ನಲ್ಲಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಅಂಗಡಿಯ ಸಿಡಿ ಹಾಗೆ ಕಾಣಬೇಕು ಅನ್ನೋ ಆಸೆ ಹತ್ತಿತು.

ಹಾಗಾಗಿ ಸ್ಟಿಕ್ಕರ್ ಹಾಳೆ ತಂದೆ. ಎ4 ಹಾಳೆಯಲ್ಲಿ ಎರಡು ದುಂಡು ಲೇಬಲ್, ಮಾಮೂಲಿ ಪ್ರಿಂಟರ್ ಸಾಕು. ಪ್ರಿಂಟ್ ಮಾಡುವುದು ಸುಲಭ, ಅಂಟಿಸುವುದೇ ಪರೀಕ್ಷೆ. ಮೊದಲ ಲೇಬಲನ್ನು ಕೈಯಲ್ಲೇ ಅಂಟಿಸಿದೆ. ನೋಡಲು ನಡುವಿಗೇ ಕೂತಂತಿತ್ತು. ಸ್ಕೇಲ್ ಇಟ್ಟು ನೋಡಿದರೆ ಎರಡು ಮಿಲಿಮೀಟರ್ ಆಚೆ. ಎರಡು ಮಿಲಿಮೀಟರ್ ಏನು ಮಹಾ ಅಂದುಕೊಂಡೆ. ಮಾಮೂಲಿ ಪ್ಲೇಯರ್‌ಗಿಂತ 52 ಪಟ್ಟು ವೇಗವಾಗಿ ಓದುವ (52x) ಡ್ರೈವ್‌ನಲ್ಲಿ ಸಿಡಿ ನಿಮಿಷಕ್ಕೆ ಸುಮಾರು 10,000 ಸುತ್ತು ಸುತ್ತುತ್ತದೆ. ಒಂದು ಕಡೆ ಕಾಗದದ ಭಾರ ಜಾಸ್ತಿಯಾದರೆ ಏನಾಗುತ್ತದೆ ಅನ್ನೋದು ಗುಂಡಿ ಒತ್ತಿದ ಮೇಲೆ ಗೊತ್ತಾಯ್ತು. ಕಂಪ್ಯೂಟರ್ ಡಬ್ಬಿಯಷ್ಟೇ ಅಲ್ಲ, ಮೇಜಿನ ಮೇಲಿದ್ದ ಚಮಚವೂ ನಡುಗಿತು.

ಸರಿ, ತೆಗೆದು ಮತ್ತೆ ಅಂಟಿಸೋಣ ಅಂತ ಒಂದು ಅಂಚು ಎತ್ತಿ ಎಳೆದೆ. ಲೇಬಲ್ ಬಂತು. ಜೊತೆಗೆ ಬೆಳ್ಳಿ ಪದರವೂ ಬಂತು. ಕೈಯಲ್ಲಿ ಉಳಿದದ್ದು ಆಚೆ ಬದಿ ಕಾಣುವ ಪ್ಲಾಸ್ಟಿಕ್ ತಟ್ಟೆ. ಅಂಟಿಸಿದ ಲೇಬಲನ್ನು ಎಂದಿಗೂ ಕೀಳಬಾರದು ಅಂತ ಆ ಹಾಳೆಯ ಹಿಂದೆಯೇ ಬರೆದಿತ್ತು. ಓದಿದ್ದು ಆಮೇಲೆ.

ಲೇಬಲ್ ನಡುವಿಗೆ ಕೂರಿಸುವ ಒಂದು ಸಾಧನ ಸಿಗುತ್ತದೆ. ನಡುವೆ ಕಂಬ, ಅದಕ್ಕೆ ಲೇಬಲನ್ನು ಅಂಟು ಮೇಲಾಗಿ ಇಟ್ಟು, ಸಿಡಿಯನ್ನು ಬೆನ್ನು ಕೆಳಗಾಗಿ ಸಿಕ್ಕಿಸಿ ಒಂದೇ ಸಲ ಒತ್ತಿಬಿಡಬೇಕು. ಅದು ಬಂದ ಮೇಲೆ ಸುಮಾರು ನಲವತ್ತು ಸಿಡಿಗೆ ಚಂದವಾಗಿ ಅಂಟಿಸಿದೆ, ಹೆಮ್ಮೆಯೂ ಪಟ್ಟೆ. ಮುಂದಿನ ಬೇಸಿಗೆಗೆ ಒಂದು ಸಿಡಿಯ ಲೇಬಲ್ ಕಾರಿನ ಪ್ಲೇಯರ್ ಒಳಗೆ ಅಂಚು ಬಿಟ್ಟಿತು. ಸೀಳಿನಲ್ಲಿ ನುಂಗುವ ಥರದ ಪ್ಲೇಯರ್. ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಬಿಚ್ಚಿಸಿ ತೆಗೆಸಬೇಕಾಯ್ತು.

ಡಿವಿಡಿಗೆ ಸ್ಟಿಕ್ಕರ್ ಇನ್ನೂ ಕೆಟ್ಟದ್ದು. ಕಾಗದ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ, ಡಿಸ್ಕನ್ನು ತುಸು ಬಗ್ಗಿಸುತ್ತದೆ. ಸಿಡಿಯಲ್ಲಿ ಲೇಸರ್ ಹಿಡಿದು ಓದುವ ಸುರುಳಿ ಜಾಡಿನ ಸುತ್ತುಗಳ ನಡುವಿನ ಅಂತರ 1.6 ಮೈಕ್ರಾನ್. ಡಿವಿಡಿಯಲ್ಲಿ 0.74. ಅರ್ಧಕ್ಕಿಂತ ಕಡಿಮೆ. ಅಷ್ಟು ಸಣ್ಣ ಜಾಡು ಹಿಡಿಯುವ ಲೇಸರ್‌ಗೆ ಒಂದಿಷ್ಟು ಬಾಗಿದರೂ ಕಷ್ಟ. ನಾನು ಸ್ಟಿಕ್ಕರ್ ಹಾಕಿದ ಡಿವಿಡಿಗಳು ಹಾಕಿದ ದಿನ ಚೆನ್ನಾಗಿ ಓಡಿದವು. ಕೆಲವು ತಿಂಗಳ ಮೇಲೆ ಮೊದಲರ್ಧ ಓಡಿ ನಿಲ್ಲತೊಡಗಿದವು. ಹೊರ ಅಂಚಿನ ಹತ್ತಿರವೇ ಬಾಗು ಜಾಸ್ತಿ, ಚಿತ್ರದ ಕೊನೆ ಇರುವುದೂ ಅಲ್ಲೇ. ಉಳಿದ ಹಾಳೆಗಳನ್ನು ಉಪ್ಪಿನಕಾಯಿ ಹಾಕಲಾ ಅಂತ ಕೇಳಿದರು ಮನೆಯಲ್ಲಿ. ಡಬ್ಬಗಳಿಗೆ ಹೆಸರು ಅಂಟಿಸಲು ಆದವು.

ಕೊನೆಗೆ ಮಾಡಬೇಕಾದದ್ದನ್ನೇ ಮಾಡಿದೆ: ಡಿಸ್ಕ್ ಮೇಲೆ ನೇರ ಪ್ರಿಂಟ್ ಮಾಡುವ ಇಂಕ್‌ಜೆಟ್ ಪ್ರಿಂಟರ್ ತಗೊಂಡೆ. ಎಪ್ಸನ್, ಕ್ಯಾನನ್ ಮೊದಲಾದವರ ಕೆಲವು ಮಾಡೆಲ್‌ಗಳಲ್ಲಿ ಈ ಅನುಕೂಲ ಇರುತ್ತದೆ. ಜೊತೆಗೆ ಒಂದು ಪ್ಲಾಸ್ಟಿಕ್ ಟ್ರೇ ಬರುತ್ತದೆ, ಅದರ ಗುಂಡಿಯಲ್ಲಿ ಡಿಸ್ಕ್ ಕೂರಿಸಿ ಪ್ರಿಂಟರ್‌ಗೆ ತಳ್ಳಬೇಕು. ಡಿಸ್ಕ್ ಕೂಡ ಬೇರೆಯದೇ ಬೇಕು, ಬೆನ್ನ ಮೇಲೆ ಇಂಕ್ ಕುಡಿಯುವ ಬಿಳಿ ಲೇಪ ಇರುವಂಥದ್ದು. ಮಾಮೂಲಿ ಬೆಳ್ಳಿ ಡಿಸ್ಕ್ ಮೇಲೆ ಒಂದು ಸಲ ಸುಮ್ನೆ ಪ್ರಿಂಟ್ ಕೊಟ್ಟು ನೋಡಿದೆ. ಬಣ್ಣವೆಲ್ಲ ಹನಿ ಹನಿಯಾಗಿ ನಿಂತಿತು, ಬಾಳೆಲೆ ಮೇಲಿನ ನೀರಿನ ಹಾಗೆ.

ಬಿಳಿ ಡಿಸ್ಕ್‌ಗಳಲ್ಲೂ ಎರಡು ಬಗೆ. ಒಂದರಲ್ಲಿ ಬಿಳಿ ಲೇಪ ನಡುವಿನಿಂದ ದೂರದಲ್ಲೇ ನಿಂತಿರುತ್ತದೆ. ಇನ್ನೊಂದರಲ್ಲಿ ತೂತಿನ ಹತ್ತಿರದ ತನಕ ಬರುತ್ತದೆ. ಎರಡನೆಯದು ಚಂದ. ಆದರೆ ಸಾಫ್ಟ್‌ವೇರ್‌ನಲ್ಲಿ ಒಳ ವ್ಯಾಸ ಬದಲಿಸುವುದು ಮರೆಯಬಾರದು. ಮರೆತು ಮೊದಲ ಬಗೆಯ ಡಿಸ್ಕ್‌ಗೆ ಎರಡನೆಯದರ ಅಳತೆ ಕೊಟ್ಟರೆ ಪಾರದರ್ಶಕ ಉಂಗುರದ ಮೇಲೆ ಇಂಕ್ ಬಿದ್ದು ಒಣಗದೆ ಹಾಗೇ ನಿಲ್ಲುತ್ತದೆ. ನಾನು ಹೊರ ವ್ಯಾಸವನ್ನು 118 ಅಲ್ಲ, 116 ಮಿಲಿಮೀಟರ್‌ಗೇ ನಿಲ್ಲಿಸುತ್ತೇನೆ. ಅಂಚಿನಲ್ಲಿ ತೆಳು ಬಿಳಿ ಗೆರೆ ಉಳಿಯುತ್ತದೆ, ಉಳಿಯಲಿ. ಅಂಚು ದಾಟಿದ ಇಂಕ್ ಟ್ರೇಗೆ ಮೆತ್ತಿಕೊಂಡು ಮುಂದಿನ ಡಿಸ್ಕ್‌ನ ಹೊಟ್ಟೆಗೆ ಅಂಟುವುದಕ್ಕಿಂತ ಅದು ವಾಸಿ.

ಮೊದಲ ಪ್ರಿಂಟ್ ಸರಿಯಾಗಿ ನಡುವಿಗೆ ಬೀಳುವುದು ಅಪರೂಪ. ಬಲಕ್ಕೋ ಮೇಲಕ್ಕೋ ಒಂದೆರಡು ಮಿಲಿಮೀಟರ್ ಸರಿದಿರುತ್ತದೆ. ಸೆಟ್ಟಿಂಗ್‌ನಲ್ಲಿ ಅದನ್ನು ಸರಿಪಡಿಸಬಹುದು, ಆದರೆ ಪ್ರತಿ ಪ್ರಯೋಗಕ್ಕೂ ಒಂದು ಡಿಸ್ಕ್ ಬಲಿ ಕೊಡುವುದು ಹೇಗೆ? ಬರ್ನ್ ಮಾಡುವಾಗ ಕೆಟ್ಟುಹೋದ ಡಿಸ್ಕ್‌ಗಳನ್ನು ನಾನು ಎಸೆಯುವುದಿಲ್ಲ. ಅವೇ ನನ್ನ ಪ್ರಯೋಗಶಾಲೆ. ಬರೀ ಎರಡು ವೃತ್ತ, ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಪ್ರಿಂಟ್ ಮಾಡಿ, ಎಷ್ಟು ಸರಿದಿದೆ ಅಂತ ಅಳೆದು ತಿದ್ದುತ್ತೇನೆ. ಒಂದೇ ಡಿಸ್ಕ್ ಮೇಲೆ ಬೇರೆ ಬೇರೆ ಬಣ್ಣದ ಗೆರೆಯಲ್ಲಿ ನಾಲ್ಕು ಪ್ರಯೋಗ ಆಗುತ್ತದೆ.

ಇದೇ ಕಾರಣಕ್ಕೆ ಮೊದಲು ಬರ್ನ್, ಆಮೇಲೆ ಪ್ರಿಂಟ್. ಬರ್ನ್ ಕೆಟ್ಟರೆ ಇಂಕ್ ದಂಡವಾಗುವುದಿಲ್ಲ, ಮೇಲಾಗಿ ಹಸಿ ಇಂಕಿನ ಡಿಸ್ಕ್ ಡ್ರೈವ್ ಒಳಗೆ ಹೋಗುವುದಿಲ್ಲ. ಬರ್ನ್ ಆದ ಮೇಲೆ ಫೈಲ್‌ಗಳನ್ನು ಒಂದು ಸಲ ತೆರೆದು ನೋಡಿ, ಆಮೇಲೆ ಟ್ರೇಗೆ ಇಡಿ.

ಒಣಗಿಸುವ ವಿಷಯದಲ್ಲಿ ನಾನು ಕಲಿತದ್ದು ಹತ್ತು ಡಿಸ್ಕ್ ಕೊಟ್ಟು. ಮುಟ್ಟಿ ನೋಡಿದೆ, ಬೆರಳಿಗೆ ಹತ್ತಲಿಲ್ಲ, ಒಣಗಿದೆ ಅಂದುಕೊಂಡು ಹತ್ತನ್ನೂ ಒಂದರ ಮೇಲೊಂದು ಕಂಬಕ್ಕೆ ಪೋಣಿಸಿಟ್ಟೆ. ಮರುದಿನ ತೆಗೆದರೆ ತಳದ್ದೊಂದು ಬಿಟ್ಟು ಉಳಿದೆಲ್ಲದರ ಕೆಳಬದಿಯಲ್ಲೂ ಕೆಳಗಿನ ಡಿಸ್ಕ್ ಮೇಲೆ ಪ್ರಿಂಟ್ ಮಾಡಿದ್ದ ಹಸಿರು ಹುಲ್ಲುಗಾವಲು ಕನ್ನಡಿಯಲ್ಲಿ ಕಂಡಂತೆ ಅಚ್ಚಾಗಿತ್ತು. ಕೆಳಬದಿಯನ್ನು ಒದ್ದೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ಉಳಿಸಿಕೊಂಡೆ. ದುಂಡಗೆ ಉಜ್ಜಬಾರದು. ಗೀರು ಜಾಡಿನ ಉದ್ದಕ್ಕೂ ಬಿದ್ದರೆ ಓದುವುದು ಕಷ್ಟ, ಅಡ್ಡ ಬಿದ್ದರೆ ಡ್ರೈವ್ ಹೇಗೋ ಸಂಭಾಳಿಸುತ್ತದೆ. ಮೇಲ್ಬದಿಯ ಹುಲ್ಲುಗಾವಲು ಮಾತ್ರ ಕಲಸಿದ ಪಾಲಕ್ ಆಗಿತ್ತು. ಈಗ ಬಿಡಿಬಿಡಿಯಾಗಿ ಇಟ್ಟು ಒಂದು ಪೂರ್ತಿ ದಿನ ಬಿಡುತ್ತೇನೆ. ಆದರೂ ಮಾಮೂಲಿ ಬಿಳಿ ಡಿಸ್ಕ್ ಮೇಲಿನ ಪ್ರಿಂಟ್ ಒದ್ದೆ ಕೈ ತಾಗಿದರೆ ಕದಡುತ್ತದೆ. ನೀರು ತಡೆಯುವ ಹೊಳಪು ಲೇಪದ ಡಿಸ್ಕ್ ಸಿಗುತ್ತವೆ, ಯಾರಿಗಾದರೂ ಕೊಡುವುದಿದ್ದರೆ ಅವೇ ಒಳ್ಳೆಯದು.

ಚಿತ್ರ ತುಂಬಾ ಕಪ್ಪಗಿದ್ದರೆ ಇಂಕ್ ಹೆಚ್ಚು, ಒಣಗುವುದು ನಿಧಾನ. ತಿಳಿ ಬಣ್ಣದ ಹಿನ್ನೆಲೆ, ಗಾಢ ಅಕ್ಷರ ಸಾಕು. ಕನ್ನಡದಲ್ಲಿ ಹೆಸರು ಬರೆಯುವವರಿಗೆ ಇನ್ನೊಂದು ತಲೆನೋವಿದೆ. ಬಿಳಿ ಲೇಪದಲ್ಲಿ ಇಂಕ್ ಸ್ವಲ್ಪ ಹರಡುತ್ತದೆ, ಸಣ್ಣ ಅಕ್ಷರದಲ್ಲಿ ಒತ್ತಕ್ಷರದ ಹೊಟ್ಟೆಗಳೆಲ್ಲ ತುಂಬಿಕೊಳ್ಳುತ್ತವೆ. ಇಂಗ್ಲಿಷ್‌ಗೆ ಸಾಕಾಗುವ ಅಳತೆಗಿಂತ ಎರಡು ಪಾಯಿಂಟ್ ದೊಡ್ಡದು ಇಡಿ. ಅಕ್ಷರಗಳನ್ನು ಅಂಚಿನುದ್ದಕ್ಕೂ ಬಿಲ್ಲಿನಂತೆ ಬಾಗಿಸುವ ಆಸೆ ನನಗೂ ಇತ್ತು. ನಾನು ಬಳಸುತ್ತಿದ್ದ ತಂತ್ರಾಂಶ ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ ತಿರುಗಿಸುತ್ತಿತ್ತು. ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. "ಅಮ್ಮ" ಅನ್ನೋದು ಒಡೆದ ಬಳೆ ಹಾಗೆ ಕಾಣುತ್ತಿತ್ತು. ಪಠ್ಯವನ್ನು ಮೊದಲು ಚಿತ್ರವಾಗಿ ಉಳಿಸಿ, ಆ ಚಿತ್ರವನ್ನೇ ಬಾಗಿಸಿದೆ. ಸರಿಹೋಯ್ತು. ಹೆಚ್ಚಾಗಿ ಈಗ ನೇರವಾಗಿಯೇ ಬರೆಯುತ್ತೇನೆ.

ಲೈಟ್‌ಸ್ಕ್ರೈಬ್ ಅಂತ ಒಂದು ಬಂದಿತ್ತು, ಅದನ್ನೂ ಬಳಸಿದ್ದೇನೆ. ಬರ್ನ್ ಆದ ಮೇಲೆ ಡಿಸ್ಕನ್ನು ಮಗುಚಿ ಹಾಕಿದರೆ ಅದೇ ಲೇಸರ್ ಬೆನ್ನ ಮೇಲೆ ಚಿತ್ರ ಸುಡುತ್ತಿತ್ತು. ಇಂಕ್ ಇಲ್ಲ, ಅಂಟಿಲ್ಲ, ಭಾರ ಇಲ್ಲ. ಅದಕ್ಕೆ ಬೇಕಾದ ಡ್ರೈವ್ ಮತ್ತು ಡಿಸ್ಕ್ ಬೇರೆ. ಬಣ್ಣ ಒಂದೇ. ಪೂರ್ತಿ ಚಿತ್ರಕ್ಕೆ ಇಪ್ಪತ್ತು ನಿಮಿಷದ ಮೇಲೆ ಹಿಡಿಯುತ್ತಿತ್ತು. ಬೆಳಕಿಗೆ ಇಟ್ಟರೆ ಮಾಸುತ್ತದೆ ಅಂತ ಗೊತ್ತಿದ್ದೂ ಒಂದನ್ನು ಕಿಟಕಿ ಹತ್ತಿರ ಬಿಟ್ಟೆ, ಮಾಸಿತು. ಅಲ್ಲಿಗೆ ಅದು ಮುಗಿಯಿತು.

ಇನ್ನು ಏನು ಬರೆಯಬೇಕು ಅನ್ನೋದು. ನನ್ನ ಹಳೆಯ ಡಿಸ್ಕ್‌ಗಳ ಮೇಲೆ "ಹೊಸ ಫೋಟೊ", "ಅಂತಿಮ", "ಅಂತಿಮ 2", "ಇದೇ ಅಂತಿಮ" ಅಂತೆಲ್ಲ ಇವೆ. ಈಗ ಪ್ರತಿ ಡಿಸ್ಕ್‌ಗೂ ಒಂದು ಸಂಖ್ಯೆ. ಪಾರದರ್ಶಕ ಉಂಗುರದ ಮೇಲೆ ಮಾರ್ಕರ್‌ನಲ್ಲಿ ಆ ಸಂಖ್ಯೆ, ಬರ್ನ್ ಮಾಡುವಾಗ ಡಿಸ್ಕ್‌ಗೆ ಕೊಡುವ ಹೆಸರಿನಲ್ಲೂ ಅದೇ ಸಂಖ್ಯೆ. ಆ ಹೆಸರು 16 ಅಕ್ಷರ ದಾಟದಂತೆ ಇಡುತ್ತೇನೆ, ಕೆಲವು ಬಗೆಯ ಡಿಸ್ಕ್‌ಗಳಲ್ಲಿ ಅಲ್ಲಿಗೇ ಕತ್ತರಿಸಿಹೋಗುತ್ತದೆ. ಮೇಲೆ ತಿಂಗಳು, ವರ್ಷ, ಯಾರು, ಏನು. ಪೂರ್ತಿ ವಿವರ ಒಂದು ನೋಟ್‌ಪುಸ್ತಕದಲ್ಲಿ. ಚಿತ್ರ ಗಿತ್ರ ಎಲ್ಲಾ ಬೇಕೆನಿಸಿದರೆ ಕೇಸಿನ ಕಾಗದದ ಮೇಲೆ ಮಾಡುತ್ತೇನೆ. ಡಿವಿಡಿ ಕೇಸಿನ ಹೊದಿಕೆ 273 ಅಗಲ, 183 ಎತ್ತರ, ನಡುವಿನ ಬೆನ್ನು 14 ಮಿಲಿಮೀಟರ್. ಕಪಾಟಿನಲ್ಲಿ ನಿಲ್ಲಿಸಿದಾಗ ಕಾಣುವುದು ಆ 14 ಮಿಲಿಮೀಟರ್ ಮಾತ್ರ, ಸಂಖ್ಯೆ ಅಲ್ಲೂ ಇರಲಿ.

ನೇರ ಪ್ರಿಂಟ್ ಈಗ ಕೊಡುವ ಡಿಸ್ಕ್‌ಗಳಿಗೆ ಮಾತ್ರ. ಕೊನೆಯದಾಗಿ ಮಾಡಿದ್ದು ಅಪ್ಪನ ಕ್ಯಾಸೆಟ್. ಅವರು ಹಾಡಿ ಟೇಪ್ ಮಾಡಿಟ್ಟಿದ್ದನ್ನು ಸಿಡಿಗೆ ಹಾಕಿ ತಂಗಿಗೆ ಒಂದು, ನನಗೆ ಒಂದು. ಲೇಬಲ್‌ಗೆ ಯಾವ ಚಿತ್ರ ಹಾಕಿದರೂ ಮನಸ್ಸಿಗೆ ಬರಲಿಲ್ಲ. ಕೊನೆಗೆ ಕ್ಯಾಸೆಟ್ ಡಬ್ಬಿಯೊಳಗಿನ ಚೀಟಿಯನ್ನೇ ಸ್ಕ್ಯಾನ್ ಮಾಡಿದೆ. ನೀಲಿ ಇಂಕಿನಲ್ಲಿ ಅಪ್ಪನ ಕೈಬರಹ, ಹಾಡುಗಳ ಪಟ್ಟಿ, ಕೆಳಗೆ ಎರಡು ಗೆರೆ ಎಳೆದು ಒಂದು ಸಾಲು. ಹಾಗೇ ಬಿಳಿ ಡಿಸ್ಕ್ ಮೇಲೆ ಪ್ರಿಂಟ್ ಮಾಡಿದೆ. ಒಂದು ದಿನ ಒಣಗಿಸಿ ತಂಗಿಗೆ ಕೊಟ್ಟೆ. ಅವಳು ಓದಿ ನಗತೊಡಗಿದಳು. ಒಮ್ಮೆ ಮಾತ್ರ ಬರೆಯಬಹುದಾದ ಸಿಡಿಯ ಮೇಲೆ ಅಪ್ಪ ಹೇಳುತ್ತಿದ್ದರು: "ಇದರ ಮೇಲೆ ಯಾರೂ ರೆಕಾರ್ಡ್ ಮಾಡಕೂಡದು."